ತೋಳಿನ ಕಡ್ಡಿ

ಬೆಂಕಿಕಡ್ಡಿಯಷ್ಟು ಉದ್ದದ ಮೆತ್ತನೆಯ ಕಡ್ಡಿಯನ್ನು ಡಾಕ್ಟರಮ್ಮ ಎತ್ತಿ ತೋರಿಸಿದರು. "ಇದನ್ನ ತೋಳಿನ ಚರ್ಮದಡಿ ಇಡ್ತೀವಿ. ಇದರೊಳಗಿನ ಹಾರ್ಮೋನು ಚೂರುಚೂರೇ ರಕ್ತಕ್ಕೆ ಸೇರಿ, ಅಂಡ ಬಿಡುಗಡೆ ಆಗದ ಹಾಗೆ ತಡೆಯುತ್ತೆ. ಮೂರು ವರ್ಷ ಬಸಿರಿನ ಚಿಂತೆಯಿಲ್ಲ. ಮಗು ಬೇಕು ಅನಿಸಿದಾಗ ತೆಗೆಸಿಕೋ."

ಎದುರಿಗಿದ್ದವಳು ಮಡಿವಂತರ ಮನೆಯ ಸೊಸೆ. ಸೆರಗನ್ನು ತೋಳಿನ ಮೇಲೆ ಬಿಗಿಯಾಗಿ ಎಳೆದುಕೊಂಡು ಕೂತಿದ್ದಳು. "ತಿಂಗಳ ಮುಟ್ಟು?" ಎಂದಳು.

ಎಲ್ಲರೂ ಹೆದರುವುದು ಅಲ್ಲೇ ಎಂಬುದು ಡಾಕ್ಟರಮ್ಮನಿಗೆ ಗೊತ್ತು. ಧೈರ್ಯ ಬರಲೆಂದು ಒಳ್ಳೆಯದನ್ನೇ ಮೊದಲು ಹೇಳಿದರು.

"ಕೆಲವರಿಗೆ ಪೂರ್ತಿ ನಿಂತೇಹೋಗುತ್ತಮ್ಮ. ಆರಾಮ."

ಅವಳ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಬೇಡ," ಎಂದು ಎದ್ದೇಬಿಟ್ಟಳು.

"ಕೂತ್ಕೊಳ್ಳಮ್ಮ. ಎಲ್ಲರಿಗೂ ನಿಲ್ಲಲ್ಲ. ಕೆಲವರಿಗೆ ಹೊತ್ತುಗೊತ್ತಿಲ್ಲದೆ ಶುರುವಾಗಿ ವಾರಗಟ್ಟಲೆ ಹೋಗ್ತಾನೇ ಇರುತ್ತೆ. ಆ ಕಾಟಕ್ಕೇ ಎಷ್ಟೋ ಜನ ತೆಗೆಸಿಬಿಡ್ತಾರೆ."

ಅವಳು ಮೆಲ್ಲನೆ ಕೂತಳು. "ನಂಗೆ ಹಾಗೇ ಆಗೋ ಥರ ಹಾಕಿ, ಡಾಕ್ಟ್ರೇ."

ಡಾಕ್ಟರಮ್ಮನಿಗೆ ರೇಗಿತು. "ನಿಂಗೇನು ಹುಚ್ಚಾ? ನಿಮ್ಮಂಥ ಮನೇಲಿ ಅಷ್ಟು ದಿನ ಹಿತ್ತಲ ಕೋಣೇಲಿ ಹೊರಗೆ ಕೂರೋಕಾಗುತ್ತಾ?"

ಅವಳು ಸೆರಗು ಸರಿಸಿ ತೋಳು ಚಾಚಿದಳು. ಅದರ ಮೇಲೆ ಬೆರಳುಗಳ ಅಚ್ಚು ಕಪ್ಪಾಗಿ ಮೂಡಿತ್ತು.

"ಹೊರಗೆ ಕೂತ ದಿನ ಮೈಲಿಗೆ ಅಂತ ನಮ್ಮನೆಯವರು ಹೊಡೆಯೋಕೂ ನನ್ನ ಮುಟ್ಟೋದಿಲ್ಲ."