ಯಂಕಪ್ಪ ಡ್ರೈವರನ ಹಸಿರು ಗಾಜು

ಗುಳೇದಗುಡ್ಡ ರೋಡ್ ಸ್ಟೇಷನ್ ಬಿಟ್ಟು ಎಂಜಿನ್ನು ಬಾದಾಮಿಯ ಕಡೆ ಮುಖ ಮಾಡಿದಾಗ, ಇಳಿಹೊತ್ತಿನ ಬಿಸಿಲು ಎಂದಿನಂತೆ ಡ್ರೈವರ್ ಯಂಕಪ್ಪನ ಕಣ್ಣಿಗೆ ಬಡಿಯಲಿಲ್ಲ. ಎದುರಿನ ಗಾಜಿನ ತುಂಬ ಹಸಿರು ಕಾಗದ ಅಂಟಿತ್ತು. ಎಂಬತ್ತೆರಡನೇ ಇಸವಿಯ ಆ ಬೇಸಿಗೆಯಲ್ಲಿ ಸುಟ್ಟು ಬೋಳಾಗಿದ್ದ ಹೊಲಗಳೆಲ್ಲ ಈಗಷ್ಟೇ ಮಳೆ ಬಿದ್ದಂತೆ ತಂಪಾಗಿ ಕಂಡವು.

“ಹ್ಯಾಂಗೈತ್ರಿ ಕಾಕಾ?” ಎಂದು ಕೇಳಿದ, ಸಲಿಕೆಯಿಂದ ಬೆಂಕಿಗೆ ಕಲ್ಲಿದ್ದಲು ತೂರುತ್ತಿದ್ದ ಫೈರ್‌ಮನ್ ಖಾದರಬಾಷಾ.

“ಮಾವಿನ ಗಿಡದ ಬುಡಕ್ಕ ಕುಂತಂಗ ಆಗೈತಲೇ. ಎಲ್ಲಿಂದ ತಂದಿ ಇದನ್ನ?”

“ಬಾಗಲಕೋಟಿಗೆ ನಾಟಕ ಕಂಪನಿ ಬಂದೈತಲ್ರಿ, ಅಲ್ಲಿ ದೀಪ ಹಿಡಿಯಾಂವ ನಮ್ಮ ದೋಸ್ತ. ರಾಜಾ-ರಾಣಿ ತ್ವಾಟಕ್ಕ ಬಂದಾಗ ದೀಪದ ಮುಂದ ಹಿಡೀತಾರ ನೋಡ್ರಿ, ಅದ ಈ ಕಾಗದ. ನಮ್ಮ ಮನಿಯಾಕಿ ಮೈದಾ ಕುದಿಸಿ ಅಂಟು ಮಾಡಿಕೊಟ್ಟಳು. ಸೋಮವಾರದ ತನಕನಾರ ನಿಮ್ಮ ಕಣ್ಣಿಗೆ ಆರಾಮ ಸಿಗಲಿ ಅಂತ.”

ಸೋಮವಾರ ಹುಬ್ಬಳ್ಳಿಯಲ್ಲಿ ಯಂಕಪ್ಪನ ಕಣ್ಣಿನ ಪರೀಕ್ಷೆ ಇತ್ತು. ಮೂವತ್ತು ವರ್ಷ ಒಳಗಿನ ಬೆಂಕಿ, ಹೊರಗಿನ ಬಿಸಿಲು ಎರಡನ್ನೂ ಉಂಡ ಕಣ್ಣುಗಳು ಈಚೆಗೆ ಸಂಜೆಯಾದರೆ ಸಾಕು, ನೀರು ಸುರಿಸುತ್ತಿದ್ದವು. ಬಣ್ಣ ಗುರುತಿಸಲಾರದವರನ್ನು ಮತ್ತೆ ಎಂಜಿನ್ ಹತ್ತಿಸುವುದಿಲ್ಲ. ಶೆಡ್ಡಿನ ಯಾವುದೋ ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ಕುರ್ಚಿಯಲ್ಲಿ ಕೂತ ತನ್ನನ್ನು ನೆನೆಸಿಕೊಂಡರೆ ಯಂಕಪ್ಪನಿಗೆ ಊಟ ಇಳಿಯುತ್ತಿರಲಿಲ್ಲ. ಅದಕ್ಕೇ, ದಿನವೂ ಪಕ್ಕಕ್ಕೆ ಕತ್ತು ಚಾಚಿ ದಾರಿ ನೋಡುವ ಮನುಷ್ಯ ಇವತ್ತು ಆ ತಂಪಿನ ಸುಖ ಬಿಡಲಾರದೆ ಗಾಜಿನ ಹಿಂದೆಯೇ ಕೂತುಬಿಟ್ಟಿದ್ದ.

ಹಳಿಯ ತಿರುವು ಮುಗಿದದ್ದೇ ದುರಗವ್ವನ ಗೇಟು ಕಂಡಿತು. ಗಂಡ ತೀರಿಕೊಂಡ ಮೇಲೆ ಅವನ ಗೇಟು ಕಾಯುವ ಕೆಲಸ ಅವಳಿಗೆ ಬಂದು ಹತ್ತು ವರ್ಷ. ಅಂದಿನಿಂದ ರೈಲು ಬಂದಾಗಲೆಲ್ಲ ನೆಟ್ಟ ಕಲ್ಲಿನಂತೆ ನಿಂತು ಹಸಿರು ಬಾವುಟ ಹಿಡಿದವಳು ಅವಳು. ಇವತ್ತು ಹಳಿಗಳ ನಡುವೆ ರೈಲಿನ ಕಡೆಗೇ ಓಡಿ ಬರುತ್ತಿದ್ದಳು, ಸೆರಗೊಂದು ಕಡೆ, ತಾನೊಂದು ಕಡೆ. ಕೈಯಲ್ಲಿ ಕಪ್ಪು ಅರಿವೆ ಬೀಸುತ್ತಿದ್ದಳು.

“ಕಪ್ಪು ಯಾಕ ಹಿಡದಾಳ ಈಕಿ?” ಯಂಕಪ್ಪನ ಬಾಯಿ ಇನ್ನೂ ಕೇಳುತ್ತಿರುವಾಗಲೇ ಕೈ ಬ್ರೇಕು ಎಳೆದಾಗಿತ್ತು. ಗಾಲಿಗಳು ಕಿರುಚಿದವು. ಡಬ್ಬಿಗಳೊಳಗೆ ಗಂಟುಮೂಟೆ, ಮಂದಿ, ಬೈಗುಳ ಎಲ್ಲ ಒಂದರ ಮೇಲೊಂದು ಉರುಳಿದವು. ದುರಗವ್ವನಿಗೆ ಹತ್ತು ಮಾರು ಈಚೆ ಎಂಜಿನ್ನು ನಿಂತಿತು. ಅವಳ ಬೆನ್ನ ಹಿಂದೆ, ಗೇಟಿನಲ್ಲಿ, ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದು ಅಚ್ಚು ಮುರಿದು ಹಳಿಗೆ ಅಡ್ಡವಾಗಿ ಕೂತಿತ್ತು.

“ಯಾ ಅಲ್ಲಾ! ಛಲೋ ಆತ್ರಿ, ಕೆಂಪು ಝಂಡಾ ನಿಮಗ ಕಂಡಿದ್ದು!” ತನ್ನ ಬದಿಯಿಂದ ಹೊರಗೆ ಇಣುಕಿದ ಖಾದರಬಾಷಾ ಕೂಗಿದ.

“ಎಲ್ಲೈತಲೇ ಕೆಂಪು? ಕಪ್ಪೈತಲ್ಲ.”

“ಕುಂಕುಮದಂಗ ಕೆಂಪೈತ್ರಿ ಕಾಕಾ.”

ಯಂಕಪ್ಪ ಮತ್ತೆ ಗಾಜಿನೊಳಗೆ ನೋಡಿದ. ಕಪ್ಪು. ಕಣ್ಣುಜ್ಜಿ ನೋಡಿದ. ಕಪ್ಪೇ.

“ಹೋದವಲೇ ಖಾದರ. ಸೋಮವಾರ ಇನ್ಯಾಕ ಬೇಕು, ಇಲ್ಲೇ ಹೋದವು ನನ್ನ ಕಣ್ಣು.”

ಖಾದರಬಾಷಾ ಸಲಿಕೆ ಬಿಟ್ಟು ಈ ಬದಿಗೆ ಬಂದ. ಗಾಜಿನಲ್ಲಿ ನೋಡಿದ. ಹೊರಗೆ ಕತ್ತು ಹಾಕಿ ನೋಡಿದ. ಒಳಗೆ, ಹೊರಗೆ, ಮತ್ತೆ ಒಳಗೆ, ಕಾಳು ಹೆಕ್ಕುವ ಕೋಳಿಯ ಹಾಗೆ. ಮಸಿ ಮೆತ್ತಿದ ಅವನ ಮುಖ ಸಣ್ಣದಾಯಿತು.

“ಕಾಕಾ, ತಪ್ಪು ನಿಮ್ಮ ಕಣ್ಣಿಂದಲ್ಲರಿ, ನನ್ನ ಕಾಗದದ್ದು. ಇದರಾಗಿಂದ ನನಗೂ ಕಪ್ಪ ಕಾಣತೈತಿ. ಹೊರಗ ಹಣಿಕಿ ಹಾಕ್ರಿ.”

“ಬ್ಯಾಡಲೇ. ಹೊರಗೂ ಕಪ್ಪ ಕಂಡ್ರ?”

“ನೋಡ್ರಂದ್ರ!” ಖಾದರಬಾಷಾ ಹೆಗಲು ಹಿಡಿದು ಅವನನ್ನು ಪಕ್ಕದ ಕಿಟಕಿಯಿಂದ ಅರ್ಧ ಹೊರಗೆ ತಳ್ಳಿದ. ಯಂಕಪ್ಪ ಕಣ್ಣು ಮುಚ್ಚಿಕೊಂಡೇ ಗಾಳಿಗೆ ಮುಖ ಒಡ್ಡಿದ. ಆಮೇಲೆ ಒಂದು ಕಣ್ಣು ತೆರೆದ. ಸ್ವಲ್ಪ ತಡೆದು ಇನ್ನೊಂದು.

ಅಷ್ಟರಲ್ಲಿ ದುರಗವ್ವ ಏದುಸಿರು ಬಿಡುತ್ತ ಎಂಜಿನ್ನಿನ ಕೆಳಗೆ ಬಂದು ನಿಂತಿದ್ದಳು.

“ಸೀಟಿ ಇಲ್ಲ, ಕತ್ತು ಹೊರಗಿಲ್ಲ! ನಿದ್ದಿ ಹತ್ತಿತ್ತೇನೋ ಯಣ್ಣಾ? ಇಷ್ಟುದ್ದ ಝಂಡಾ ಬೀಸಾಕತ್ತೇನಿ, ಕಾಣಂಗಿಲ್ಲ?”

“ಝಂಡಾ ಎಲ್ಲಿ ಕಂಡಿತವ್ವಾ. ನೀ ಓಡೋದು ಕಂಡಿತು. ಹತ್ತು ವರ್ಷದಾಗ ನೀ ಓಡಿದ್ದು ನಾ ನೋಡಿಲ್ಲ. ಏನೋ ಕೇಡಾಗೈತಿ ಈಕಿಗೆ ಅಂತ ನಿಂದರಸಿದೆ.”

ದುರಗವ್ವ ಸೆರಗು ಸರಿಮಾಡಿಕೊಂಡಳು.

ಡಬ್ಬಿಯ ಗಂಡಸರು ಇಳಿದು ಬಂದು ಹೆಗಲು ಕೊಟ್ಟರು. ಚಕ್ಕಡಿ ನರಳುತ್ತ ಹಳಿಯಿಂದಾಚೆ ಸರಿಯಿತು. ಅಷ್ಟು ಹೊತ್ತೂ ಖಾದರಬಾಷಾ ಯಾರ ಮುಖವನ್ನೂ ನೋಡದೆ ಗಾಜಿನ ಕಾಗದವನ್ನು ಉಗುರಿನಿಂದ ಕೆರೆದು ಕೆರೆದು ಕೀಳುತ್ತಿದ್ದ. ದುರಗವ್ವ ಗೇಟಿಗೆ ಮರಳಿ ಕೆಂಪು ಬಾವುಟವನ್ನು ಕೋಲಿಗೆ ಸುತ್ತತೊಡಗಿದಳು.

“ಏ ದುರಗವ್ವಾ, ಸುತ್ತಬ್ಯಾಡ! ಇನ್ನೊಂದೀಟು ಹಿಡಿ ಅದನ್ನ!” ಯಂಕಪ್ಪ ಮೇಲಿನಿಂದ ಕೂಗಿದ.

“ಹಳಿ ಖಾಲಿ ಆತಲ್ಲೋ ಯಣ್ಣಾ. ಹಸರ ತೋರಸ್ತೇನಿ, ನೀ ನಡಿ.”

“ಹಸರ ಇವತ್ತಿಗೆ ಸಾಕಾತವ್ವಾ. ಕೆಂಪ ಹಿಡಿ.”

ಇವನಿಗೇನಾಗಿದೆ ಎಂದು ಗೊಣಗುತ್ತಲೇ ಅವಳು ಬಾವುಟ ಬಿಚ್ಚಿ ಎತ್ತಿ ಹಿಡಿದಳು. ತಡವಾಯಿತೆಂದು ಕಿಟಕಿ ಕಿಟಕಿಯಿಂದ ಮಂದಿ ಬಾಯಿ ಮಾಡುತ್ತಿದ್ದರು. ಎಂಜಿನ್ನಿನ ಕಿಟಕಿಯಲ್ಲಿ ಯಂಕಪ್ಪ ಗಲ್ಲಕ್ಕೆ ಕೈಕೊಟ್ಟು, ಮೊಮ್ಮಗಳ ಮುಖ ನೋಡುವವನಂತೆ ಆ ಕೆಂಪನ್ನೇ ನೋಡುತ್ತ ಕೂತಿದ್ದ.