ಕುದುರೆಯ ಮೇಲೆ ಕೂತವರು

ಕುದುರೆ ಕಿವಿ ಅಲ್ಲಾಡಿಸಿದ್ದೇ ತಡ, ಸರ್ ಗೈಲ್ಸ್ ಅದರ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಚಿತ್ರಕಾರ ಟ್ರಿಂಡರ್ ಕುಂಚ ಕೆಳಗಿಟ್ಟ.

“ನೆಟ್ಟಗೆ ಕೂರಬೇಕು ಸಾಹೇಬರೇ. ಹೀಗೇ ಬರೆದರೆ ಮಗು ತಾಯಿ ಕತ್ತಿಗೆ ಜೋತುಬಿದ್ದ ಹಾಗೆ ಕಾಣುತ್ತೆ.”

“ಮೊದಲು ನನ್ನನ್ನ ಇಳಿಸಯ್ಯ,” ಎಂದರು ಗೈಲ್ಸ್, ಕಣ್ಣು ಬಿಡದೆ.

ಹಿಂದಿನ ವರ್ಷ ನರಿಬೇಟೆಯಲ್ಲಿ ಹಳ್ಳಕ್ಕೆ ಬಿದ್ದಾಗಿನಿಂದ ಕುದುರೆ ಕಂಡರೆ ಅವರಿಗೆ ಭಯ. ಆ ದಿನದವರೆಗೆ ಅದು ಗೊತ್ತಿದ್ದದ್ದು ಹೆಂಡತಿ ಹೆಸ್ಟರ್‌ಗೆ ಮಾತ್ರ. ಆದರೆ ಲೆಸ್ಟರ್‌ಶೈರಿನ ಅವರ ಬಂಗಲೆಯ ಊಟದ ಕೋಣೆಯಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕುದುರೆ ಏರಿಯೇ ಗೋಡೆಗೆ ತೂಗಿದ್ದರು. ತಾವೊಬ್ಬರು ಕುರ್ಚಿಯಲ್ಲಿ ಕೂತು ಅವರ ಪಕ್ಕ ಸೇರುವುದು ಹೇಗೆ?

“ಕೋಟು ಬಿಚ್ಚಿ ಇಲ್ಲಿ ಕೊಡಿ,” ಎಂದಳು ಪಕ್ಕದಲ್ಲೇ ನಿಂತಿದ್ದ ಹೆಸ್ಟರ್, ಗಂಡನನ್ನು ಕೆಳಗಿಳಿಸಿಕೊಂಡು. ತವರಿನಲ್ಲಿ ಅಣ್ಣಂದಿರ ಜೊತೆ ಗಂಡಸರ ಹಾಗೆಯೇ ಸವಾರಿ ಮಾಡಿ ಬೆಳೆದವಳು. ಗಂಡನ ಕೆಂಪು ಕೋಟು, ಚಲ್ಲಣ, ಬೂಟು ತೊಟ್ಟು ಬಂದು ಒಂದೇ ನೆಗೆತಕ್ಕೆ ಜೀನಿನ ಮೇಲೆ ಕೂತಳು. ಕುದುರೆ ತಾನಾಗಿ ತಲೆ ಎತ್ತಿತು. ಟ್ರಿಂಡರ್ ಅವಳನ್ನು ನೋಡಿ ಕುತ್ತಿಗೆಯಿಂದ ಕೆಳಗಿನ ಮೈಯನ್ನು ಬರೆದ. ಮುಖವನ್ನು ಆಮೇಲೆ, ಗೈಲ್ಸ್ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಾಗ, ಬರೆದು ಸೇರಿಸಿದ.

ಚಿತ್ರ ಗೋಡೆ ಏರಿದ ದಿನ ನೆರೆಯ ದೊಡ್ಡಮನುಷ್ಯರೆಲ್ಲ ಊಟಕ್ಕೆ ಬಂದರು. ಬೇಟೆಯ ಮುಖಂಡ ಕ್ಯಾಪ್ಟನ್ ಲಡ್‌ಲೋ ವೈನಿನ ಲೋಟ ಹಿಡಿದು ಆ ಚಿತ್ರವನ್ನೇ ಬಹಳ ಹೊತ್ತು ನೋಡಿದ.

“ಗೈಲ್ಸ್, ನೀನು ಹೀಗೆ ಕೂರ್ತೀಯ ಅಂತ ಗೊತ್ತೇ ಇರಲಿಲ್ಲ ಕಣಯ್ಯ. ಆ ಬೆನ್ನು ನೋಡು, ಆ ಮಂಡಿ ನೋಡು.”

ಗೈಲ್ಸರ ಎದೆ ಉಬ್ಬಿತು. ಎಷ್ಟೋ ದಿನದ ಮೇಲೆ ಅಪ್ಪನ ಚಿತ್ರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

“ನಾಳೆ ಬೇಟೇಲಿ ಎಲ್ಲರಿಗಿಂತ ಮುಂದೆ ನೀನೇ ಇರಬೇಕು,” ಎಂದ ಲಡ್‌ಲೋ. “ನೆಪ ಹೇಳಿದರೆ ನಾನು ಕೇಳೋನಲ್ಲ.”

ಎಲ್ಲರೂ ಮೇಜು ಕುಟ್ಟಿದರು. ಗೈಲ್ಸರ ಗಂಟಲಲ್ಲಿ ಮಾಂಸದ ತುಂಡು ಸಿಕ್ಕಿಕೊಂಡಿತು. ಕೆಮ್ಮುತ್ತಲೇ ಹೆಂಡತಿಯನ್ನು ಕಿಟಕಿಯ ಬಳಿಗೆ ಎಳೆದೊಯ್ದರು.

“ಹೆಸ್ಟರ್, ನಾನು ಸತ್ತೆ.”

“ಯಾಕ್ರೀ ಸಾಯ್ತೀರಿ? ನಾನು ಹೋಗ್ತೀನಿ. ನೀವು ನನ್ನ ಕೋಣೇಲಿ ಬಾಗಿಲು ಹಾಕ್ಕೊಂಡು ಮಲಗಿ. ಅಮ್ಮಾವ್ರಿಗೆ ತಲೆನೋವು ಅಂತ ಆಳುಗಳಿಗೆ ಹೇಳಿರ್ತೀನಿ.”

“ಅಲ್ಲಿ ಯಾರಾದರೂ ನಿನ್ನ ಮುಖ ನೋಡಿಬಿಟ್ಟರೆ?”

ಹೆಸ್ಟರ್ ಮೇಜಿನ ಸುತ್ತ ಕೂತ ಬೇಟೆಗಾರರನ್ನು ಒಬ್ಬೊಬ್ಬರಾಗಿ ದಿಟ್ಟಿಸಿದಳು.

“ನೋಡೋಕೆ ಅವರು ನನಗಿಂತ ಮುಂದೆ ಬರಬೇಕಲ್ಲ.”