ಮೈಕಿನಲ್ಲಿ ಅಮ್ಮ

"ಅಮ್ಮಂಗೆ ಫೋನ್ ಹಚ್ಚೋ!" ಎಂದು ಮುಂದಿನ ಮೇಜಿನಿಂದ ಮರ್ವ್ ಕೂಗಿದ. ಪಬ್ಬಿನ ತುಂಬ ಬಿಯರ್ ಗ್ಲಾಸುಗಳು ಮೇಜು ಕುಟ್ಟತೊಡಗಿದವು.

ಡಾರಿಲ್ ಪ್ರೆಂಟಿಸ್ ಕೇಳಿಸದವನಂತೆ ಇನ್ನೊಂದು ಜೋಕಿಗೆ ಬಾಯಿ ತೆರೆದ. ಜನ ಬಿಡಲಿಲ್ಲ. ಊರೂರು ಅಲೆದು ನಗಿಸುವುದು ಅವನ ಕಸುಬು. ಯಾವ ಊರಿಗೆ ಹೋದರೂ ಅವರಿಗೆ ಬೇಕಾದದ್ದು ಕೊನೆಯ ಆ ಒಂದು ತುಣುಕು. ವೇದಿಕೆಯಿಂದಲೇ ಅಮ್ಮನಿಗೆ ಫೋನ್ ಮಾಡಿ ಮೈಕಿಗೆ ಹಿಡಿಯುತ್ತಾನೆ. ಅಮ್ಮ ಬೈಯುತ್ತಾಳೆ. ಜನ ಬಿದ್ದು ಬಿದ್ದು ನಗುತ್ತಾರೆ.

ಇವತ್ತು ಅದು ಬೇಡವೆಂದುಕೊಂಡೇ ಬಂದಿದ್ದ. ಆ ಫೋನು ಗಣಗಣಿಸುವುದು ಈ ಪೋರ್ಟ್ ಲಿಂಕನ್ ಎಂಬ ಕಡಲೂರಿನಲ್ಲೇ.

ಬಂದ ಕೂಡಲೇ ಪಬ್ಬಿನ ಒಡತಿ ಬ್ರೊನ್‌ವಿನ್ ಜಾಡಿಸಿದ್ದಳು. "ದೇಶವೆಲ್ಲ ಸುತ್ತುತೀಯ, ಹೆತ್ತಮ್ಮ ಇರೋ ಊರಿಗೆ ಮಾತ್ರ ಕಾಲಿಡಲ್ಲ. ನಾಚಿಕೆ ಆಗಲ್ವೇನಯ್ಯ?"

"ಯಾರೂ ಕರೀಲಿಲ್ಲ."

"ಪ್ರತಿ ವರ್ಷ ನಾನೇ ಕರೀತಿದ್ದೀನಲ್ಲ!"

ಬೆಳಿಗ್ಗೆ ಕಡಲ ಕಟ್ಟೆಯ ಬಳಿ, ಅಮ್ಮನ ಮನೆಯ ಮುಂದೆ ಅವನು ಕಾರು ನಿಧಾನ ಮಾಡಿದ್ದ. ಗೇಟಿನೊಳಗಿನಿಂದ ನಾಯಿಯೊಂದು ಕಳ್ಳನನ್ನು ಕಂಡಂತೆ ಬೊಗಳಿತು. ಇಳಿಯದೆ ಮುಂದೆ ಹೋದ.

ಅವನಿಗಿದ್ದದ್ದು ಒಂದೇ ಭಯ. ಎದುರಿಗೆ ಹೋಗಿ ನಿಂತ ದಿನ ಆ ಧ್ವನಿ ನಿಂತುಹೋಗುತ್ತದೆ. ಹೆಂಡತಿ ಬಿಟ್ಟು ಹೋಗಿದ್ದಳು, ಗೆಳೆಯರು ಒಬ್ಬೊಬ್ಬರಾಗಿ ಮರೆತಿದ್ದರು. ಮೋಟೆಲಿನ ಹಾಸಿಗೆ, ಪೆಟ್ರೋಲ್ ಬಂಕಿನ ತಣ್ಣಗಿನ ಮಾಂಸದ ಪೈ, ದಾರಿಯುದ್ದಕ್ಕೂ ಸತ್ತು ಬಿದ್ದ ಕಾಂಗರೂಗಳು, ಇಷ್ಟೇ ಅವನ ಸಂಸಾರ. ಉಂಡನೋ ಬಿಟ್ಟನೋ ಎಂದು ಕೇಳುವವಳು ಲೋಕದಲ್ಲಿ ಅವಳೊಬ್ಬಳೇ. ಅದನ್ನೂ ಕಳೆದುಕೊಂಡರೆ ಮುಂದೆ ಯಾರಿಗಾಗಿ ನಗಿಸುವುದು?

ಗ್ಲಾಸುಗಳ ಗದ್ದಲ ಏರಿತು. ಸೋತು, ಫೋನ್ ಒತ್ತಿ ಮೈಕಿಗೆ ಹಿಡಿದ.

"ನಾನು."

"ನೀನಲ್ಲದೆ ಇನ್ಯಾರು? ಬೇರೆ ಯಾರು ಫೋನ್ ಮಾಡ್ತಾರೆ ನಂಗೆ?" ಜನ ಆಗಲೇ ನಕ್ಕರು. "ಊಟ ಆಯ್ತೇನಪ್ಪ?"

"ಆಯ್ತಮ್ಮ. ಪೈ ತಿಂದೆ."

"ಪೈ ಅಂತೆ, ಪೈ! ಆ ಬಂಕಲ್ಲಿ ನಿನಗಿಂತ ನಿನ್ನ ಕಾರೇ ಚೆನ್ನಾಗಿ ತಿಂತಿದೆ. ಇವತ್ತು ಯಾವ ಊರು?"

"ಬ್ರೋಕನ್ ಹಿಲ್."

ಮರ್ವ್ ಎದ್ದೇಬಿಟ್ಟ. ಟ್ಯೂನಾ ಮೀನು ಹಿಡಿಯುವ ದೋಣಿಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. "ಸುಳ್ಳು ಕಣಮ್ಮಾ! ನಿಮ್ಮ ಮಗ ಇಲ್ಲೇ ಇದ್ದಾನೆ! ಲಿಂಕನ್ನಲ್ಲೇ, ಬ್ರೊನ್‌ವಿನ್ ಪಬ್ಬಲ್ಲಿ!"

ಫೋನಿನ ಆ ಕಡೆ ಕಡಲಹಕ್ಕಿಗಳ ಕೂಗೊಂದೇ ಕೇಳಿಸುತ್ತಿತ್ತು.

"ಹೌದೇನಪ್ಪ?" ಎಂದಳು. ಬೈಯುವ ಧ್ವನಿ ಎಲ್ಲೋ ಹೋಗಿತ್ತು.

"ಹೌದಮ್ಮ."

"ಅಲ್ಲೇ ಇರು. ಎಲ್ಲೂ ಹೋಗಬೇಡ. ಮಾಂಸ ತುಂಬಿದ ಪೇಸ್ಟಿ ಬೆಂದಿದೆ, ಹಿಡ್ಕೊಂಡು ಬಂದೆ."

ಫೋನ್ ಕಟ್ಟಾಯಿತು. ಪಬ್ಬಿಗೆ ಪಬ್ಬೇ ಕೇಕೆ ಹಾಕಿತು. ಡಾರಿಲ್ ವೇದಿಕೆಯಿಂದ ಇಳಿದು ಬಾಗಿಲ ಕಡೆ ನಡೆದ. ಭಾನುವಾರ ಮಧ್ಯಾಹ್ನವೆಂದರೆ ಅಲ್ಲಿ ಮಾಂಸದ ತಟ್ಟೆಯನ್ನು ಬಹುಮಾನವಾಗಿಟ್ಟು ಲಾಟರಿ ಚೀಟಿ ಎತ್ತುವ ಹೊತ್ತು. ಬ್ರೊನ್‌ವಿನ್ ಮೈಕನ್ನು ಮರ್ವ್‌ನ ಕೈಗಿತ್ತಳು. "ಹೇಗೂ ಬಾಯಿ ಮುಚ್ಚಲ್ಲ ನೀನು. ಆಯಮ್ಮ ಬರೋವರೆಗೆ ಚೀಟಿ ಎತ್ತು."

ಬಾಗಿಲ ಪಕ್ಕ ನಿಂತ ಡಾರಿಲ್‌ನ ಕೈಯಲ್ಲಿ ಕಾರಿನ ಕೀಲಿ ಇತ್ತು. ಓಡಿಹೋಗಬಹುದಿತ್ತು. ಕಾಲು ಕೇಳಲಿಲ್ಲ.

"ಅಮ್ಮ ತಾನೇ ಬರ್ತಿರೋದು, ಹುಲಿಯೇನಲ್ವಲ್ಲ?" ಎಂದಳು ಬ್ರೊನ್‌ವಿನ್.

"ನನ್ನ ನೋಡಿದ್ರೆ ಏನಂತಾಳೋ."

"ಇನ್ನೇನಂತಾಳೆ? ಎಲ್ಲ ಅಮ್ಮಂದಿರೂ ಅನ್ನೋದು ಒಂದೇ. ಸೊರಗಿದ್ದೀಯ ಅಂತಾಳೆ."

ಬಾಗಿಲು ತೆರೆಯಿತು. ಗಿಡ್ಡ ಮುದುಕಿ. ಅವಸರದಲ್ಲಿ ಸ್ವೆಟರಿನ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಕೂತವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅವಳ ಮುಂದೆಯೇ ನಿಂತಿದ್ದ ಡಾರಿಲ್ ಒಂದು ಹೆಜ್ಜೆ ಮುಂದೆ ಬಂದ.

"ಸ್ವಲ್ಪ ದಾರಿ ಬಿಡಪ್ಪ, ಬಿಸಿ ಇದೆ," ಎಂದು ಅವನನ್ನು ಸರಿಸಿ ಅವಳು ನೇರ ವೇದಿಕೆಗೆ ನಡೆದಳು. ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು, ಮೈಕು ಹಿಡಿದು ನಿಂತಿದ್ದ ಮರ್ವ್‌ನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದಳು.

"ಎಷ್ಟು ಸೊರಗಿದ್ದೀಯೋ ಮಗನೇ!"

ಮರ್ವ್‌ನದು ಪೀಪಾಯಿಯಂಥ ಹೊಟ್ಟೆ. ಪಬ್ಬಿನ ಸೂರು ಹಾರಿಹೋಗುವಷ್ಟು ನಗು. ಅಮ್ಮ ಎಂದರೆ ಹೀಗಿರಬೇಕು, ಮಗನನ್ನೇ ಮೀರಿಸಿದಳು ಎಂದು ಜನ ಕಣ್ಣೊರೆಸಿಕೊಂಡರು. ಅಂಥ ನಗು ಡಾರಿಲ್‌ಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅವನೊಬ್ಬನೇ ನಗಲಿಲ್ಲ.

"ಅಮ್ಮಾ," ಎಂದ ಬಾಗಿಲಿಂದ. "ನಾನಿಲ್ಲಿದ್ದೀನಿ."

ಧ್ವನಿ ಕೇಳಿದ್ದೇ ತಡ, ಅವಳು ಮರ್ವ್‌ನ ಕೆನ್ನೆ ಬಿಟ್ಟು ತಿರುಗಿದಳು. ಅಡಿಯಿಂದ ಮುಡಿಯವರೆಗೆ ಅವನನ್ನು ನೋಡಿದಳು.

"ನೀನೇನೋ!" ಎಂದಳು. "ಬೋಳುತಲೆ ಅಂತ ಒಂದಿನಾನೂ ಹೇಳಲಿಲ್ಲವಲ್ಲೋ!" ಎಂದು ಎರಡೂ ಕೈ ಚಾಚಿದಳು.

ಜನ ಮತ್ತೆ ನಕ್ಕರು. ಈ ಸಲ ಡಾರಿಲ್ ಕೂಡ ನಕ್ಕ, ಅಳುತ್ತಲೇ.

ಎಷ್ಟೋ ವರ್ಷಗಳ ಹಿಂದೆ, ಹೆತ್ತ ತಾಯಿಯನ್ನು ಮಣ್ಣು ಮಾಡಿದ ಮರುವರ್ಷ, ಅದೇ ದಿನ, ಗಂಟೆ ಬಾರಿಸುವ ಸದ್ದಾದರೂ ಕೇಳೋಣವೆಂದು ಅವನು ಅವಳ ಹಳೆಯ ನಂಬರ್ ಒತ್ತಿದ್ದ; ಆ ನಂಬರು ಅಷ್ಟರಲ್ಲಿ ಈ ಮುದುಕಿಯ ಮನೆ ಸೇರಿತ್ತು; ಇವಳು ಫೋನೆತ್ತಿ, ಆ ಕಡೆಯ ಅಳುವನ್ನು ಕೊನೆಯವರೆಗೂ ಕೇಳಿಸಿಕೊಂಡು, ಹೆಸರನ್ನೂ ವಿಚಾರಿಸದೆ, "ಊಟ ಆಯ್ತೇನಪ್ಪ?" ಎಂದಿದ್ದಳು.